ಚಿಗವ್ವನ ಬಯಕೆಯ ಬ್ರೆಡ್ಡು

ಬೆಟಗೇರಿಯಲ್ಲಿ ಯಾರ ಮನೆಗಾದರೂ ಬ್ರೆಡ್ಡು ಬಂತೆಂದರೆ ಆ ಮನೆಯಲ್ಲಿ ಯಾರೋ ಜಡ್ಡು ಬಿದ್ದಿದ್ದಾರೆ ಎಂದು ಓಣಿಗೆಲ್ಲ ತಿಳಿಯುತ್ತಿದ್ದ ಕಾಲ ಅದು. ಗದಗಿನ ಬೇಕರಿಯಿಂದ ಕಾಗದದಲ್ಲಿ ಸುತ್ತಿದ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಣಿ ಹೊಕ್ಕರೆ ಸಾಕು, ಕಟ್ಟೆಯ ಮೇಲೆ ಕುಳಿತವರು ಯಾರಿಗೆ ಜ್ವರ ಎಂದು ಕೇಳುತ್ತಿದ್ದರು. ಹಾಲಿನಲ್ಲಿ ಅದ್ದಿದ ಬ್ರೆಡ್ಡು ದವಾಖಾನೆಯ ವಾಸನೆಯದು. ಗಟ್ಟಿ ಇದ್ದವರು ರೊಟ್ಟಿ ತಿನ್ನಬೇಕು. ಇದು ನಮ್ಮಜ್ಜಿಯ ಕಾನೂನು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ, ನಾನು ಆರನೇ ಇಯತ್ತೆ ಮುಗಿಸಿದ್ದೆ. ದಿನಕ್ಕೊಂದು ಪುಟ ಬರೆಯುವ ಚಟ ಆಗಲೇ ಹತ್ತಿತ್ತು. ಎಷ್ಟು ಸೀರೆ ಮಗ್ಗದಿಂದ ಇಳಿದವು, ಎಮ್ಮೆ ಎಷ್ಟು ಹಾಲು ಕೊಟ್ಟಿತು, ಗಜ್ಜುಗದ ಆಟದಲ್ಲಿ ಯಾರು ಗೆದ್ದರು, ಎಲ್ಲವನ್ನೂ ತಾರೀಖು ಹಾಕಿ ಬರೆಯುತ್ತಿದ್ದೆ. ಮನೆಯವರು ನಗುತ್ತಿದ್ದರು. ಆದರೆ ಲೆಕ್ಕ ತಪ್ಪಿದಾಗ ನನ್ನನ್ನೇ ಕರೆಯುತ್ತಿದ್ದರು.

ಅದೇ ವರ್ಷ ಕಾಕಾ ಮದುವೆಯಾಗಿ ಚಿಗವ್ವನನ್ನು ಕರೆತಂದಿದ್ದ. ಅವಳು ನಮ್ಮ ನೇಕಾರ ಕುಲದವಳೇ. ಅವಳ ಹಿರಿಯರು ಯಾವಾಗಲೋ ಮಗ್ಗ ಹೊತ್ತುಕೊಂಡು ತಮಿಳು ಸೀಮೆಗೆ ಹೋಗಿ ಪಾಂಡಿಚೇರಿಯಲ್ಲಿ ನೆಲೆ ನಿಂತಿದ್ದರು. ಕಾಕಾ ಅಲ್ಲಿಯ ಗಿರಣಿಯಲ್ಲಿ ಕೆಲವು ವರ್ಷ ದುಡಿದಿದ್ದರಿಂದ ಸಂಬಂಧ ಕೂಡಿತ್ತು. ಚಿಗವ್ವನ ಕನ್ನಡ ನಮಗೆ ಹಾಡಿನ ಹಾಗೆ ಕೇಳುತ್ತಿತ್ತು. ನಮ್ಮ ಕಡೆ "ಬಾರವ್ವ" ಅನ್ನುವಲ್ಲಿ ಅವಳು "ಬಾಮ್ಮ" ಎಂದರೆ ನಾವು ಮಕ್ಕಳು ಮೂಲೆಯಲ್ಲಿ ಹೋಗಿ "ಬಾಮ್ಮ, ಬಾಮ್ಮ" ಎಂದು ಅಣಕಿಸಿ ನಗುತ್ತಿದ್ದೆವು.

ಬೇಸಿಗೆ ಬರುವ ಹೊತ್ತಿಗೆ ಅವಳು ಬಸುರಿ. ಹಂಚಿನ ಮೇಲೆ ಜೋಳದ ರೊಟ್ಟಿ ಬೇಯುವ ವಾಸನೆ ಮೂಗಿಗೆ ಬಡಿದರೆ ಹಿತ್ತಲಿಗೆ ಓಡುತ್ತಿದ್ದಳು. ಮಗ್ಗದ ಮನೆಯಲ್ಲಿ ನೂಲಿಗೆ ಹಾಕುವ ಗಂಜಿಯ ವಾಸನೆಯೂ ಆಗುತ್ತಿರಲಿಲ್ಲ. ತಿಂದದ್ದು ನಿಲ್ಲದೆ ಅವಳ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನಮ್ಮವ್ವ ಹಿರಿಯ ಸೊಸೆ. ಈ ಮನೆಯಲ್ಲಿ ಬಸುರಿಯ ಬಯಕೆ ಉಳಿಯಬಾರದು ಎಂಬ ಹಟ ಅವಳಿಗೆ. ಬಯಕೆ ಉಳಿದರೆ ಹುಟ್ಟಿದ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ನಂಬಿಕೆ. ದಿನಾ ಕೇಳಿ ಕೇಳಿ ಒಂದು ದಿನ ಚಿಗವ್ವನ ಬಾಯಿ ಬಿಡಿಸಿದಳು.

ಚಿಗವ್ವನಿಗೆ ಬೇಕಾದದ್ದು ಬ್ರೆಡ್ಡು. ಬೇಕರಿಯ ಚೌಕ ಬ್ರೆಡ್ಡಲ್ಲ. ಅವಳ ಊರಲ್ಲಿ ಮೊದಲು ಫ್ರೆಂಚರು ಇದ್ದರಂತೆ, ಅವರು ಹೋದರೂ ಅವರ ಬ್ರೆಡ್ಡು ಹೋಗಿರಲಿಲ್ಲ. ನಸುಕಿನಲ್ಲಿ ಸೈಕಲ್ಲಿನ ಮೇಲೆ ಮಾರಿಕೊಂಡು ಬರುತ್ತಿದ್ದರು. ಮೊಳದುದ್ದ, ಮೇಲೆ ಕಟಕ ರೊಟ್ಟಿಯ ಹಾಗೆ ಕರುಂ ಕರುಂ, ಒಳಗೆ ಹಿಂಜಿದ ಅರಳೆಯ ಹಾಗೆ ಮೆತ್ತಗೆ. ಅಪ್ಪ ಮುರಿದು ಕೈಗೆ ಕೊಡುತ್ತಿದ್ದರು ಎನ್ನುವಾಗ ಅವಳ ಕಣ್ಣು ತುಂಬಿತು. ಹೇಗೆ ಮಾಡುತ್ತಾರೆ ಎಂದರೆ ಗೊತ್ತಿಲ್ಲ, ಅಲ್ಲಿ ಮನೆಯಲ್ಲಿ ಯಾರೂ ಮಾಡುವುದಿಲ್ಲ. ಮೈದಾ, ಉಪ್ಪು, ಹಿಂದಿನ ದಿನದ ಹುಳಿಹಿಟ್ಟು ಹಾಕುವುದನ್ನು ಭಟ್ಟಿಯ ಕಿಟಕಿಯಲ್ಲಿ ನೋಡಿದ್ದಳು, ಅಷ್ಟೇ.

ಐದು ತಿಂಗಳಿಗೆ ಬಸುರಿಗೆ ಮಾಡುವ ಕುಬಸ ಹತ್ತಿರ ಬಂದಿತ್ತು. ಹಸಿರು ಸೀರೆ, ಹಸಿರು ಬಳೆ, ತವರಿನಿಂದ ಬಯಕೆಯ ಬುತ್ತಿ. ಚಿಗವ್ವನ ತವರು ಎರಡು ದಿನದ ರೈಲಿನ ದಾರಿ. ಅವರಿಗೆ ಬರಲಾಗುವುದಿಲ್ಲ ಎಂದು ಖಬರ್ ಬಂದಿತ್ತು. ಅವತ್ತೇ ಅವ್ವ ಎಲ್ಲರ ಮುಂದೆ ಹೇಳಿದಳು: "ಆಕಿ ತವರಮನಿ ಬುತ್ತಿ ನಾ ಕಟ್ಟತೇನಿ. ಬ್ರೆಡ್ಡ ಬೇಕಂದಾಳ, ಬ್ರೆಡ್ಡ ಮಾಡತೇನಿ."

ಅಜ್ಜಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. "ಜಡ್ಡಿನವರ ಕೂಳ ಕುಬಸದಾಗ ಇಡತಿ? ಮಂದಿ ಏನಂದಾರು, ಬಸುರಿ ದವಾಖಾನ್ಯಾಗ ಅದಾಳಂದಾರು."

"ಮಂದಿ ಬಂದು ಆಕಿ ಹೊಟ್ಟಿ ತುಂಬಸ್ತಾರೇನ್ರಿ ಅತ್ತಿ?" ಎಂದು ಅವ್ವ ಮೆಲ್ಲಗೇ ಕೇಳಿದಳು. ಅಜ್ಜಿ ಅಂದಿನಿಂದ ಅಡುಗೆಮನೆಯ ಹೊಸ್ತಿಲ ಹೊರಗೆ ಕುಳಿತಳು. ಒಳಗೆ ಬರುವುದಿಲ್ಲ, ನೋಡುವುದೂ ಬಿಡುವುದಿಲ್ಲ.

ಕಾಕಾ ಗದಗಿನ ಬೇಕರಿಯವನನ್ನು ಕಾಡಿಬೇಡಿ ಹುಳಿಹಿಟ್ಟಿನ ಒಂದು ಮುದ್ದೆಯನ್ನು ಹಸಿ ಬಟ್ಟೆಯಲ್ಲಿ ಸುತ್ತಿಕೊಂಡು ತಂದ. ಭಟ್ಟಿ ಎಲ್ಲಿಂದ ತರುವುದು? ಅದಕ್ಕೆ ಪಕ್ಕದ ಮನೆಯ ಮಾಬೂಬಿ ಇದ್ದಳು. ಹಬ್ಬಕ್ಕೆ ನಾನಖಟಾಯಿ ಸುಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ದೊಡ್ಡ ಡಬರಿಯ ತಳಕ್ಕೆ ಉಸುಕು ಹಾಕಿ, ಸುಡುವುದನ್ನು ಅದರ ಮೇಲೆ ತಾಟಿನಲ್ಲಿ ಇಟ್ಟು, ಬಾಯಿಗೆ ತಗಡಿನ ತಟ್ಟೆ ಮುಚ್ಚಿ, ಅದರ ಮೇಲೂ ಕೆಂಡ ಹರಡುತ್ತಿದ್ದಳು. ಕೆಳಗೂ ಬೆಂಕಿ, ಮೇಲೂ ಬೆಂಕಿ. ಡಬರಿಯನ್ನು ತಂದು ನಮ್ಮ ಹಿತ್ತಲಲ್ಲೇ ಹೂಡಿದಳು. ಅಳತೆ ಬರೆದಿಡುವ ಕೆಲಸ ನನ್ನದು. ಹಿಟ್ಟು, ಉಪ್ಪು, ಎಷ್ಟು ಹೊತ್ತು ಇಟ್ಟದ್ದು, ಎಷ್ಟು ಹೊತ್ತು ಬೆಂದದ್ದು, ಒಂದನ್ನೂ ಬಿಡಲಿಲ್ಲ. ನೀರಿನ ಅಳತೆಯನ್ನೂ ಬರೆದೆ.

ಮೊದಲನೆಯ ಬ್ರೆಡ್ಡು ಒಳಕಲ್ಲಿನ ಗುಂಡಾಗಿ ಬಂತು. ಮಗ್ಗಕ್ಕೆ ತೂಕ ಕಟ್ಟಲು ಬೇಕಿತ್ತು, ಚಲೋ ಆತು ಎಂದು ಕಾಕಾ ಚೇಷ್ಟೆ ಮಾಡಿದ. ಅವ್ವ ಮರುದಿನ ಮತ್ತೆ ಕಲಸಿದಳು. ಎರಡನೆಯದೂ ಹಾಗೇ. ನಾವು ಮಕ್ಕಳು ಅದರ ತುಂಡನ್ನೇ ಬಿಲ್ಲೆ ಮಾಡಿಕೊಂಡು ಕುಂಟಾಟ ಆಡಿದೆವು. ಮೂರನೆಯದನ್ನು ಎಮ್ಮೆಗೆ ನೆನೆಸಿ ಇಟ್ಟೆವು. ಉರಿ ಕಡಿಮೆಯಾಯಿತೇನೋ ಎಂದು ಮಾಬೂಬಿ, ಉಪ್ಪು ಹೆಚ್ಚಾಯಿತೇನೋ ಎಂದು ಅವ್ವ. ನಾನು ಬರೆದದ್ದನ್ನೆಲ್ಲ ಓದಿ ಹೇಳಿದರೂ ತಪ್ಪು ಎಲ್ಲಿದೆ ಎಂದು ತಿಳಿಯಲಿಲ್ಲ. ಚಿಗವ್ವ ಬಾಗಿಲಲ್ಲಿ ನಿಂತು, ಬೇಡ ಬಿಡಿ ಅಕ್ಕ, ನನಗೆ ಆಸೆ ಹೋಯ್ತು ಎಂದಳು. ಹೋಗಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಆ ರಾತ್ರಿಯೂ ಅವಳು ಬರೀ ಮಜ್ಜಿಗೆ ಕುಡಿದು ಮಲಗಿದಳು.

ಕುಬಸದ ಹಿಂದಿನ ದಿನ ಸಂಜೆ ಉಳಿದ ಹುಳಿಹಿಟ್ಟಿನ ಕೊನೆಯ ತುಂಡು ಪರಾತದಲ್ಲಿ ಮೈದಾದ ನಡುವೆ ಇತ್ತು. ಅವ್ವ ಒಲೆಯ ಮೇಲಿನಿಂದ ಕುದಿಯುವ ಎಸರನ್ನು ಇಳಿಸಿ ತಂದಳು. ಜೋಳದ ಹಿಟ್ಟಿಗೆ ಎಸರು ಹಾಕದೆ ರೊಟ್ಟಿ ಬಡಿಯಲು ಬರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಗೋಧಿಗೆ ತಣ್ಣೀರೇ ಸಾಕು, ಅದೂ ಅವ್ವನಿಗೆ ಗೊತ್ತು. ಆದರೆ ಈ ಹಿಟ್ಟು ರಾತ್ರಿಯೆಲ್ಲ ಇರಬೇಕಾದದ್ದು. ಹಸಿನೀರಿನಲ್ಲಿ ಕಲಸಿ ರಾತ್ರಿ ಇಟ್ಟರೆ ತಂಗಳು, ಬಸುರಿಗೆ ತಂಗಳು ಕೊಟ್ಟರೆ ಕೂಸಿಗೆ ಶೀತ. ಅದಕ್ಕೇ ಅವ್ವ ಜೋಪಾನ ಮಾಡಿ ಪ್ರತಿ ಸಲವೂ ಕಳಕಳ ಕುದಿಯುವ ನೀರನ್ನೇ ಸುರಿದಿದ್ದಳು.

ಈ ಸಲ ಹೊಸ್ತಿಲ ಹೊರಗೆ ಕುಳಿತಿದ್ದ ಅಜ್ಜಿ ಎದ್ದು ಬಂದಳು. ಒಳಗೆ ಕಾಲಿಟ್ಟು ಅವ್ವನ ಕೈಯಲ್ಲಿನ ಚರಿಗೆಯನ್ನು ಹಿಡಿದಳು.

"ಕುದಿಯೋ ಹಾಲಿಗೆ ಹೆಪ್ಪ ಹಾಕ್ತಿ ಏನ ಗಂಗವ್ವ?"

ಅವ್ವ ಚರಿಗೆ ಬಿಟ್ಟು ಪರಾತದ ಕಡೆ ನೋಡಿದಳು.

"ಇಷ್ಟ ದಿನಾ ನೋಡಾಕತ್ತೇನಿ. ಅದು ಹೆಪ್ಪ ಐತಿ. ಜೀವ ಇರತೈತಿ ಅದರಾಗ. ಸುಟ್ಟ ಕೊಂದಿ."

"ಹಸಿನೀರ ಹಾಕಿದ್ರ ತಂಗಳಾಗತೈತಲ್ರಿ."

"ಮೊಸರ ತಂಗಳೇನು? ರಾತ್ರೆಲ್ಲಾ ಇಟ್ಟ ಮುಂಜಾನೆ ಬಸುರಿಗೂ ಹಾಕ್ತೇವಿ, ಬಾಣಂತಿಗೂ ಹಾಕ್ತೇವಿ."

ಅಜ್ಜಿ ಎಸರಿಗೆ ತಣ್ಣೀರು ಬೆರೆಸುತ್ತ, ದಿನಾ ರಾತ್ರಿ ಹಾಲಿಗೆ ಅದ್ದುವ ಹಾಗೆ ಕಿರುಬೆರಳನ್ನು ಅದ್ದಿ ನೋಡಿದಳು. ಸುಡಬಾರದು, ತಣ್ಣಗೂ ಇರಬಾರದು. ಬೆರಳು ಒಪ್ಪಿದ ಮೇಲೆ ತಾನೇ ಹಿಟ್ಟಿಗೆ ಹಾಕಿದಳು. ಕಲಸಿದ ಮುದ್ದೆಗೆ ಬಟ್ಟೆ ಮುಚ್ಚಿ, ಮೇಲೆ ತನ್ನ ಕೌದಿ ಹೊದಿಸಿ, ಒಲೆಯ ಬದಿಯಲ್ಲಿ ಇಟ್ಟಳು. ಇಷ್ಟು ದಿನ ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. "ಯಾರು ಕೇಳಿದ್ರು ನನ್ನ?" ಎಂದಳು.

ಮುಂಜಾನೆ ಕೌದಿ ತೆಗೆದಾಗ ಹಿಟ್ಟು ಪರಾತ ಮೀರಿ ಉಬ್ಬಿತ್ತು. ಹುಳಿಯೂ ಸಿಹಿಯೂ ಅಲ್ಲದ ಒಂದು ವಾಸನೆ ಅಡುಗೆಮನೆ ತುಂಬ. ಅವ್ವ ಅದನ್ನು ಮುಟ್ಟಿ ಕೈ ತೆಗೆದಳು. ಬೆರಳಿನ ಗುರುತು ನಿಧಾನ ಮೇಲೆದ್ದು ಬಂತು. ಮಾಬೂಬಿ ಬಂದು ನೋಡಿ, ಅಕ್ಕಾ, ಇದು ಖರೆ ಉಸಿರಾಡಾಕತ್ತೈತಿ ಎಂದಳು.

ಉದ್ದಕ್ಕೆ ಹೊಸೆದರೆ ಡಬರಿಯಲ್ಲಿ ಹಿಡಿಸಲಿಲ್ಲ. ಡಬರಿ ದುಂಡಗೆ, ಬ್ರೆಡ್ಡು ಉದ್ದ. ಕೊನೆಗೆ ಕುದುರೆ ಲಾಳದ ಹಾಗೆ ಬಗ್ಗಿಸಿ ಇಟ್ಟರು. ಮೇಲಿನ ಸಿಪ್ಪೆ ಕಟಕ ಆಗಬೇಕಲ್ಲ, ಅದಕ್ಕೆ ಅವ್ವ ಯಾರನ್ನೂ ಕೇಳಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ಸವರುವ ಹಾಗೆ ಹಸಿ ಅರಿವೆಯಿಂದ ನೀರು ಸವರಿ, ಕುಡಗೋಲಿನ ಮೊನೆಯಿಂದ ನಾಲ್ಕು ಗೀರು ಹಾಕಿ ತಟ್ಟೆ ಮುಚ್ಚಿದಳು. ತಟ್ಟೆಯ ಮೇಲೆ ಮಾಬೂಬಿ ಕೆಂಡ ಹರಡಿದಳು. ಯಾರೂ ಅಲ್ಲಿಂದ ಕದಲಲಿಲ್ಲ. ಮಗ್ಗದ ಸದ್ದೂ ನಿಂತಿತ್ತು, ಕಾಕಾ ಹಿತ್ತಲ ಬಾಗಿಲಿಗೆ ಬಂದಿದ್ದ.

ತಟ್ಟೆ ತೆಗೆದಾಗ ಜೋನಿಬೆಲ್ಲದ ಬಣ್ಣ. ಹೊರಗೆ ತೆಗೆದಿಟ್ಟ ಮೇಲೆ ಅದು ತಾನಾಗಿ ಚಟಚಟ ಎಂದು ಸಣ್ಣಗೆ ಸಿಡಿಯತೊಡಗಿತು. ಚಿಗವ್ವ ಆ ಸದ್ದಿಗೆ ಒಳಗಿನಿಂದ ಬಂದಳು. ಬ್ರೆಡ್ಡಿನ ಆಕಾರ ನೋಡಿ ಎಷ್ಟೋ ದಿನಗಳ ಮೇಲೆ ನಕ್ಕಳು.

"ನಮ್ಮೂರಲ್ಲಿ ನೆಟ್ಟಗಿರುತ್ತೆ ಅಕ್ಕ. ಇದ್ಯಾಕೆ ಸೊಂಟ ಮುರ್ಕೊಂಡಿದೆ?"

"ಅಷ್ಟ ದೂರದಿಂದ ನಡಕೋತ ಬಂದೈತಲ್ಲ," ಎಂದಳು ಅವ್ವ.

ಮಧ್ಯಾಹ್ನ ಕುಬಸದಲ್ಲಿ ಓಣಿಯ ಹೆಂಗಸರು ಸಾಲಾಗಿ ಕುಳಿತಿದ್ದರು. ಹೋಳಿಗೆ, ಕರಿಗಡುಬು, ಮೊಸರನ್ನ, ಐದು ತರದ ಚಟ್ನಿಪುಡಿಗಳ ನಡುವೆ ಆ ಡೊಂಕು ಬ್ರೆಡ್ಡು. ಯಾರೋ ಕಿಸಕ್ಕೆಂದರು, ಇನ್ಯಾರೋ, ಯಾರಿಗೆ ಜಡ್ಡು ಎಂದು ಪಿಸುಗುಟ್ಟಿದರು. ಅವ್ವನ ಮುಖ ಕೆಂಪಾಯಿತು. ಆಗ ಅಜ್ಜಿ ಮುಂದೆ ಬಂದು ಬ್ರೆಡ್ಡನ್ನು ಎತ್ತಿ ಎರಡೂ ಕೈಯಿಂದ ಮುರಿದಳು. ಸದ್ದು ಹೊರಗಿನ ಕಟ್ಟೆಗೂ ಕೇಳಿತು. ಒಳಗೆ ಬೆಳ್ಳಗೆ, ತೂತುತೂತಾಗಿ ಅರಳಿತ್ತು.

"ಇದು ಆಕಿ ತವರಮನಿ ಬುತ್ತಿ," ಎಂದಳು ಎಲ್ಲರಿಗೂ ಕೇಳುವಂತೆ. ಮೊದಲ ತುಂಡನ್ನು ಚಿಗವ್ವನ ಕೈಗೆ ಕೊಟ್ಟಳು.

ಚಿಗವ್ವ ತಿಂದಳು. ಬೆಣ್ಣೆ ಬೇಡ, ಏನೂ ಬೇಡ, ಬರೀ ಬ್ರೆಡ್ಡು. ಕಣ್ಣಿಂದ ನೀರು ಇಳಿಯುತ್ತಿದ್ದರೂ ಅಗಿಯುವುದನ್ನು ನಿಲ್ಲಿಸಲಿಲ್ಲ. ಅರ್ಧ ಬ್ರೆಡ್ಡು ಅವಳೊಬ್ಬಳೇ ತಿಂದಳು, ಹಿತ್ತಲಿಗೆ ಓಡಲಿಲ್ಲ. ಅದರ ಮರುದಿನದಿಂದ ಅವಳಿಗೆ ಅನ್ನ ಸೇರಿತು, ಬರಬರುತ್ತ ರೊಟ್ಟಿಯೂ ಸೇರಿತು. ಮಗಳು ಹುಟ್ಟಿದಳು. ಅವಳ ಕಿವಿ ಎಂದೂ ಸೋರಲಿಲ್ಲ ಎಂದು ಅವ್ವ ಬಹಳ ವರ್ಷ ಹೇಳಿಕೊಂಡು ತಿರುಗಿದಳು. ಹೇಳಿಕೊಳ್ಳಲು ಅವಳಿಗೆ ಹಕ್ಕಿತ್ತು.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಮಾಬೂಬಿಯ ಮಕ್ಕಳು ಮನೆ ಮಾರಿ ಹೋದರು. ಅವ್ವನೂ ಈಗಿಲ್ಲ. ಅಂಥ ಉದ್ದ ಬ್ರೆಡ್ಡು ಈಗ ಹುಬ್ಬಳ್ಳಿಯ ಅಂಗಡಿಗಳಲ್ಲಿ ಸಿಗುತ್ತದೆ. ಮೊನ್ನೆ ಒಂದನ್ನು ಕೊಂಡು ಚಿಗವ್ವನಿಗೆ ಒಯ್ದೆ. ಅವಳು ಒಂದು ತುಂಡು ಮುರಿದು, ಬಹಳ ಹೊತ್ತು ಅಗಿದಳು. ನಿಮ್ಮೂರಿನದು ಹೀಗೇ ಇತ್ತೇ ಎಂದು ಕೇಳಿದೆ.

"ಏನೋ ಯವ್ವಾ, ನೆನಪಿಲ್ಲ," ಎಂದಳು. "ಆ ಊರಿಂದು ನೆನಸಾಕ ಹೋದ್ರ ನಿಮ್ಮವ್ವ ಮಾಡಿದ್ದರ ರುಚಿನ ಬಾಯಾಗ ಬರತೈತಿ."

ಅವ್ವ ಇದ್ದಿದ್ದರೆ ಈ ಮಾತಿಗೆ ಎಷ್ಟು ಹಿಗ್ಗುತ್ತಿದ್ದಳು. ನಾನೂ ಹಿಗ್ಗಿದೆ. ಆಮೇಲೆ ದಾರಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಾಗ ಹೊಳೆಯಿತು, ಅವಳು ಈಗ ನಮ್ಮ ಹಾಗೇ ಮಾತಾಡುತ್ತಾಳೆ. "ಬಾಮ್ಮ" ಎನ್ನುವ ಆ ಹಾಡಿನಂಥ ಕನ್ನಡ ಅವಳ ಬಾಯಿಂದ ಯಾವಾಗ ಹೋಯಿತೋ, ನಮ್ಮ ಮನೆಯಲ್ಲಿ ಯಾರೂ ಗಮನಿಸಲಿಲ್ಲ.