ಪರದೆಗೆ ಹೊಲಿದುಕೊಂಡ ಜಡೆ

ಮೊಣಕಾಲು ಮುಟ್ಟುವ ಜಡೆಯಿಂದಾಗಿ ಬೀದಿಯಲ್ಲಿ ಅವಳಿಗೆ ‘ಜಡೆ ಟೈಲರ್’ ಎಂದೇ ಹೆಸರು. ಹೊಲಿಗೆಗಿಂತ ಮೊದಲು ಜಡೆಯನ್ನು ಹೊಗಳುವವರೇ ಹೆಚ್ಚು. ಅರವತ್ತು ದಾಟಿ ಕೂದಲು ಹತ್ತಿಯಂತೆ ಬೆಳ್ಳಗಾದರೂ ಉದ್ದ ಮಾತ್ರ ಕಡಿಮೆಯಾಗಿರಲಿಲ್ಲ. ಹೊಗಳುವವರಿಗೇನು ಗೊತ್ತು? ತಲೆಗೆ ಸ್ನಾನ ಮಾಡಿದ ದಿನ ಅದು ಒಣಗುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು; ಮೆಷಿನ್ ಮುಂದೆ ಬಗ್ಗಿ ಕೂತರೆ ಕತ್ತು ಹಿಡಿದುಕೊಳ್ಳುತ್ತಿತ್ತು.

ಕತ್ತರಿಸಿಬಿಡಬೇಕೆಂಬ ಆಸೆ ನಿನ್ನೆ ಮೊನ್ನೆಯದಲ್ಲ. ಅಡ್ಡ ಬಂದವಳು ಅಕ್ಕ. ಚಿಕ್ಕಂದಿನಿಂದ ಎಣ್ಣೆ ಹಚ್ಚಿ ಆ ಕೂದಲನ್ನು ಬೆಳೆಸಿದವಳೇ ಅವಳು. ಹರೆಯದಲ್ಲಿ ಕೇಳಿದಾಗ, "ಮೋಟು ಜಡೆಯವಳನ್ನ ಯಾರೇ ಮದ್ವೆ ಆಗ್ತಾರೆ?" ಮದುವೆಯಾದ ಮೇಲೆ, "ಗಂಡ ಏನಂದ್ಕೊಳ್ತಾನೆ?" ಗಂಡ ಏನೂ ಅಂದುಕೊಳ್ಳುವ ಪೈಕಿಯಲ್ಲ, ಪಾಪ. ಈಗ ಕೇಳಿದರೆ, "ಈ ವಯಸ್ಸಲ್ಲಿ ಇದೆಲ್ಲಾ ಬೇಕಾ?" ಹಾಗಾದರೆ ಸರಿಯಾದ ವಯಸ್ಸು ಯಾವುದು, ಅದನ್ನು ಮಾತ್ರ ಅಕ್ಕ ಹೇಳಲೇ ಇಲ್ಲ. ಊರಿನವರ ಬಾಯಿಗೆ ತಂಗಿ ಹೆದರುತ್ತಿರಲಿಲ್ಲ. ಅಕ್ಕ ಮುನಿಸಿಕೊಂಡು ಅಂಗಡಿಗೆ ಬರುವುದನ್ನೇ ನಿಲ್ಲಿಸಿದರೆ? ಹೆದರಿಕೆ ಅದೊಂದೇ.

ಒಂದು ಬೆಳಗ್ಗೆ ಪಕ್ಕದ ಶಾಲೆಯ ಟೀಚರ್‌ಗೆ ಬಿಳಿ ಪರದೆ ಹೊಲಿಯುತ್ತಿದ್ದಳು. ಟೀಚರ್ ಎದುರಿಗೇ ನಿಂತು ಅವಸರ ಮಾಡುತ್ತಿದ್ದರು. ಹೆಗಲಿನಿಂದ ಜಾರಿದ ಜಡೆಯ ತುದಿ ಬಟ್ಟೆಯ ಮಡಿಕೆಯೊಳಗೆ ಸೇರಿತು. ಕರಿ ಕೂದಲಾಗಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಬಿಳಿಯ ಮೇಲೆ ಬಿಳಿ, ಕನ್ನಡಕ ಇದ್ದೂ ಕಾಣಲಿಲ್ಲ. ಮೆಷಿನ್ ಟಕಟಕನೆ ಓಡಿ ಅಂಚು ಮುಗಿಸಿತು. ನೂಲು ಕತ್ತರಿಸಿದ್ದೇ ತಡ, ಟೀಚರ್ ಪರದೆ ಬಾಚಿಕೊಂಡು ಬಾಗಿಲಿಗೆ ಹೊರಟರು. ಹಿಂದೆಯೇ ಅವಳೂ ಕುರ್ಚಿಯಿಂದೆದ್ದು ಹೊರಟಳು.

"ಅಯ್ಯೋ, ಪರದೆ ಜೊತೆ ನೀವೂ ಬರ್ತೀರಾ?"

"ನಿಲ್ಲಿ ಟೀಚರ್! ನನ್ನನ್ನೂ ಸೇರಿಸಿ ಹೊಲ್ದುಬಿಟ್ಟಿದೀನಿ!"

ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಹೊಲಿಗೆ ಬಿಚ್ಚಿದ್ದರೆ ಸಾಕಾಗುತ್ತಿತ್ತು. ಆದರೆ ಅವಳ ಕೈ ಬಟ್ಟೆ ಕತ್ತರಿಯ ಮೇಲೆ ಬಿತ್ತು. ಬಟ್ಟೆ ಬಿಟ್ಟು ಬೇರೆ ಯಾವುದಕ್ಕೂ ಅದನ್ನು ಮುಟ್ಟುವಂತಿರಲಿಲ್ಲ. ಒಮ್ಮೆ ಅದರಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸಿದ ತಪ್ಪಿಗೆ ಗಂಡ ವಾರವಿಡೀ ಅವಳಿಂದ ಒಂದು ಮಾತೂ ಇಲ್ಲದೆ ಊಟ ಮಾಡಿದ್ದ.

"ಇಲ್ಲಿ ಗಟ್ಟಿಯಾಗಿ ಹಿಡ್ಕೊಳ್ಳಿ ಟೀಚರ್," ಎಂದು ಜಡೆಯನ್ನು ಅವರ ಕೈಗಿತ್ತು, ಕತ್ತಿನ ಹತ್ತಿರ ಕರಕರನೆ ಕತ್ತರಿಸಿಯೇಬಿಟ್ಟಳು. ತಲೆ ತಾನಾಗಿ ಮೇಲೆದ್ದಿತು. ಎಂಥಾ ಹಗುರ! ಅವಳಿಗೆ ಕುಣಿಯಬೇಕೆನ್ನಿಸಿತು.

ಟೀಚರ್ ಪರದೆ ಬಿಡಿಸಿಕೊಂಡು ಹೋದರು. ದಿನವೂ ಕಾಫಿ ಹೊತ್ತಿಗೆ ಬರುವ ಅಕ್ಕ ಅಂದೂ ಬಂದಳು. ತಂಗಿಯ ತಲೆ ನೋಡಿದಳು, ಮೇಜಿನ ಮೇಲಿದ್ದ ಜಡೆ ನೋಡಿದಳು, ಧೊಪ್ಪನೆ ಸ್ಟೂಲಿನ ಮೇಲೆ ಕೂತಳು.

"ಬೈಯೋದಿದ್ರೆ ಬೈದ್ಬಿಡಕ್ಕಾ. ಬರೋದು ಮಾತ್ರ ನಿಲ್ಲಿಸ್ಬೇಡ," ಎಂದಳು ತಂಗಿ.

ಅಕ್ಕ ಜಡೆಯನ್ನೆತ್ತಿ ಕೈಯಲ್ಲೇ ತೂಗಿ ನೋಡಿದಳು. "ಇಷ್ಟೊಂದು ಭಾರ ಹೊತ್ಕೊಂಡಿದ್ದೆಯೇನೇ?"

ಆಮೇಲೆ ಬಾಗಿಲು ಮುಚ್ಚಿ, ತನ್ನ ತುಂಬು ತುರುಬಿನ ಪಿನ್ನುಗಳನ್ನು ಒಂದೊಂದಾಗಿ ತೆಗೆದಳು. ಎಲ್ಲರೂ ಮೆಚ್ಚುತ್ತಿದ್ದ ಆ ತುರುಬು ಇಡಿಯಾಗಿ ಕೈಗೆ ಬಂತು. ಚೌರಿ! ಅದರಡಿಯಲ್ಲಿ ಅವಳ ಸ್ವಂತ ಕೂದಲಿನ ಪುಟ್ಟ ಗಂಟು.

"ಇದನ್ನ ಸಿಕ್ಕಿಸ್ಕೊಂಡು ತಲೆ ಕೆರೆದೂ ಕೆರೆದೂ ಸಾಕಾಗಿದೆ ಕಣೆ. ನಂದಂತೂ ಉದುರೋಯ್ತು, ನಿಂದಾದ್ರೂ ಇರ್ಲಿ ಅಂತ ಹಟ ಹಿಡಿದೆ."

ತಂಗಿಗೆ ಅಳುವೂ ನಗುವೂ ಒಟ್ಟಿಗೇ ಬಂದವು; ನಗುವೇ ಗೆದ್ದಿತು. ಅಕ್ಕ ಸ್ಟೂಲನ್ನು ಕನ್ನಡಿಯ ಮುಂದಕ್ಕೆ ಎಳೆದುಕೊಂಡಳು.

"ನಗೋದು ಸಾಕು, ಕತ್ತರಿ ತಗೋ. ನಿಂದಕ್ಕಿಂತ ಒಂದಿಂಚು ಗಿಡ್ಡ ಮಾಡು. ದೊಡ್ಡೋಳು ನಾನು!"