ನಾನು ಹೇಳಿದ ಅಷ್ಟಮಿ

ನಮ್ಮ ಮನೆಯಲ್ಲಿ ಅಷ್ಟಮಿ, ನವಮಿಗೆ ಯಾರೂ ಊರು ಬಿಡುತ್ತಿರಲಿಲ್ಲ. ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬರುವುದಿದ್ದರೂ ಅಮ್ಮ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು, ತಿಥಿ ನೋಡಿ, ಆಮೇಲೆ ಹೂಂ ಅನ್ನುತ್ತಿದ್ದಳು. ಅವಳು ತೀರಿಕೊಂಡಾಗ ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ತಮ್ಮ ಅಂಗನವಾಡಿಗೆ ಹೋಗುತ್ತಿದ್ದ. ಅಪ್ಪ ಎಣ್ಣೆ ಮಿಲ್ಲಿಗೆ ಹೋದರೆ ಕತ್ತಲಾದ ಮೇಲೇ ಬರುತ್ತಿದ್ದ. ನಾನು ಸ್ಕೂಲು ಬಿಟ್ಟೆ. ಅಡುಗೆ ಮನೆಯ ಜೊತೆಗೆ ತಮ್ಮನೂ ಆ ಕ್ಯಾಲೆಂಡರೂ ನನ್ನ ಪಾಲಿಗೆ ಬಂದವು. ಅವನು ಬೆಳೆದು ದೊಡ್ಡವನಾದ ಮೇಲೂ, ಎಲ್ಲಿಗೆ ಹೊರಡುವುದಿದ್ದರೂ ನನ್ನನ್ನು ಕೇಳುತ್ತಿದ್ದ. ತಿಥಿಯಲ್ಲಿ ಅವನಿಗೆ ನಂಬಿಕೆ ಇತ್ತು ಅಂತಲ್ಲ. ಅಕ್ಕ ಹೂಂ ಅನ್ನದೆ ಹೊರಟರೆ ಅವನಿಗೆ ಸಮಾಧಾನ ಇರುತ್ತಿರಲಿಲ್ಲ, ಅಷ್ಟೇ.

ಮದುವೆಯಾಗಿ ಸಿಡ್ನಿಗೆ ಬಂದೆ. ಟೂಂಗಾಬಿಯಲ್ಲಿ ಮನೆ, ರೌಸ್ ಹಿಲ್‌ನ ಒಂದು ಚೈಲ್ಡ್‌ಕೇರ್‌ನಲ್ಲಿ ಅಡುಗೆ ಕೆಲಸ. ಇಲ್ಲಿ ಸೇರುವ ನಮ್ಮ ಜನರಲ್ಲಿ ಹೆಚ್ಚಿನವರು ಡಾಕ್ಟರು, ಎಂಜಿನಿಯರು. ಹಬ್ಬದ ಊಟಕ್ಕೆ ಕರೆದರೆ ಯಾರಾದರೊಬ್ಬ ಆಂಟಿ, ನಿಮ್ಮದು ಡಿಗ್ರಿ ಯಾವುದರಲ್ಲಿ ಅಂತ ಕೇಳಿಯೇ ಕೇಳುತ್ತಿದ್ದರು. ನಾನು ನಕ್ಕು, ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ತಮ್ಮನಿಗೆ ಯುಕ್ರೇನಿನ ಖಾರ್ಕಿವ್‌ನಲ್ಲಿ ಮೆಡಿಕಲ್ ಸೀಟು ಸಿಕ್ಕಿದ ಮೇಲೆ ಇದು ತಪ್ಪಿತು. ನನ್ನ ತಮ್ಮ ಡಾಕ್ಟರ್ ಓದುತ್ತಿದ್ದಾನೆ ಅಂದರೆ ಸೋಫಾದಲ್ಲಿ ಸರಿದು ಜಾಗ ಕೊಡುತ್ತಿದ್ದರು. ಆ ಜಾಗ ನನಗೆ ತುಂಬ ಹಿತವಾಗಿತ್ತು. ಮುಂದಿನದೆಲ್ಲ ಅಲ್ಲಿಂದಲೇ ಶುರುವಾದದ್ದು.

ಫೆಬ್ರವರಿಯ ಒಂದು ಮಂಗಳವಾರ ಸಂಜೆ ಅವನ ಫೋನು ಬಂತು. ಅಲ್ಲಿ ಆಗ ಬೆಳಗ್ಗೆ. ಗಡಿಯ ಆಚೆ ರಷ್ಯಾದ ಸೈನ್ಯ ಬಂದು ನಿಂತಿದೆ ಅಂತ ಆಗಲೇ ಸುದ್ದಿ ಇತ್ತು. ನಾಳೆ ಬೆಳಗ್ಗೆ ಒಂದು ವ್ಯಾನು ಪಶ್ಚಿಮದ ಗಡಿಯ ಕಡೆ ಹೊರಡುತ್ತದೆ, ಎರಡು ಸೀಟು ಉಳಿದಿವೆ, ನಾನೂ ರೂಮಿನವನೂ ಹತ್ತಬೇಕು ಅಂದುಕೊಂಡಿದ್ದೇವೆ ಅಂದ. ರೂಮಿನವನು ಗದಗದ ಹುಡುಗ, ನನ್ನನ್ನೂ ಅಕ್ಕಾ ಅನ್ನುತ್ತಿದ್ದ. ಕಾಲೇಜು ಇನ್ನೂ ಮುಚ್ಚಿರಲಿಲ್ಲ. ಅಂಗಡಿಗಳು ತೆರೆದೇ ಇದ್ದವು. ಊರಿನವರೇ ಏನೂ ಆಗಲ್ಲ ಅನ್ನುತ್ತಿದ್ದರು. ಅವನ ದನಿಯಲ್ಲಿ ಮಾತ್ರ ಭಯ ಇತ್ತು.

"ಹೊರಡ್ಲಾ ಅಕ್ಕ? ನೋಡಿ ಹೇಳು," ಅಂದ.

ಊರಿನಿಂದ ತರಿಸಿ ಗೋಡೆಗೆ ಹಾಕಿದ್ದ ಕ್ಯಾಲೆಂಡರ್ ನೋಡಿದೆ. ಬುಧವಾರದ ಮನೆಯಲ್ಲಿ ಸಪ್ತಮಿ ಅಂತ ಇತ್ತು. ಅಷ್ಟಮಿ ಇದ್ದದ್ದು ಗುರುವಾರಕ್ಕೆ. ಹೊರಡಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ನನ್ನ ಕಣ್ಣ ಮುಂದೆ ಬಂದದ್ದು, ಓದು ಅರ್ಧಕ್ಕೆ ಬಿಟ್ಟು ಊರಿಗೆ ಬಂದ ತಮ್ಮ. ಮುಂದಿನ ಭಾನುವಾರ ಆ ಸೋಫಾದ ಮೇಲೆ ನಾನು ಏನು ಹೇಳಲಿ? ಹೋಗಬೇಡ ಅಂತ ನೇರವಾಗಿ ಹೇಳುವ ಧೈರ್ಯ ಇರಲಿಲ್ಲ. ಹಾಗೆ ಹೇಳಿದ್ದರೆ ಅವನು ಯಾಕೆ ಅಂತ ಕೇಳುತ್ತಿದ್ದ, ವಾದ ಮಾಡುತ್ತಿದ್ದ. ತಿಥಿಯ ಜೊತೆ ಅವನು ಯಾವತ್ತೂ ವಾದ ಮಾಡಿದವನಲ್ಲ.

"ನಾಳೆ ಅಷ್ಟಮಿ ಕಣೋ. ನಾಡಿದ್ದು ನವಮಿ. ದಶಮಿಗೆ ಹೊರಡು," ಅಂದೆ.

ಸರಿ ಅಂದ.

ಗುರುವಾರ ಮಧ್ಯಾಹ್ನ ನಾನು ಚೈಲ್ಡ್‌ಕೇರ್‌ನ ಅಡುಗೆ ಮನೆಯಲ್ಲಿ ಮಕ್ಕಳಿಗೆ ದ್ರಾಕ್ಷಿ ಹೆಚ್ಚುತ್ತಿದ್ದೆ. ಒಂದೊಂದು ದ್ರಾಕ್ಷಿಯನ್ನೂ ಉದ್ದಕ್ಕೆ ನಾಲ್ಕಾಗಿ ಸೀಳಬೇಕು, ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳಬಾರದು ಅಂತ. ಫೋನಿನಲ್ಲಿ ಅವನ ಮೆಸೇಜು ಬಂತು: ಬಾಂಬ್ ಬೀಳ್ತಿದೆ ಅಕ್ಕ, ಕೆಳಗೆ ಹೋಗ್ತಿದೀವಿ. ನಾನು ಕೈ ಒರೆಸಿಕೊಂಡು ಅದನ್ನು ಓದಿ, ಮತ್ತೆ ದ್ರಾಕ್ಷಿ ಹೆಚ್ಚತೊಡಗಿದೆ. ಬಟ್ಟಲು ತುಂಬಿ ಚೆಲ್ಲುವಷ್ಟು ಹೆಚ್ಚಿದ್ದೆ. ಅಲ್ಲಿನ ಟೀಚರ್ ಒಬ್ಬಳು ಬಂದು ಚಾಕು ತೆಗೆದಿಟ್ಟಳು.

ಬುಧವಾರ ಹೊರಟ ವ್ಯಾನು ಅಷ್ಟರಲ್ಲಿ ಪಶ್ಚಿಮದ ಗಡಿ ತಲುಪಿತ್ತು. ಅದರಲ್ಲಿದ್ದವರೆಲ್ಲ ಕ್ಷೇಮವಾಗಿ ಊರು ಸೇರಿದರು.

ನೆಲಮಾಳಿಗೆಯ ದಿನಗಳನ್ನು ನಾನು ಅವನ ಬಾಯಿಂದ ಚೂರುಚೂರಾಗಿ ಕೇಳಿದ್ದೇನೆ. ತಲೆಗೆ ತಾಗುವ ಪೈಪುಗಳು, ಆಲೂಗಡ್ಡೆ ಮೂಟೆಗಳು, ಉಪ್ಪುನೀರಿನಲ್ಲಿ ಸೌತೆಕಾಯಿ ಹಾಕಿಟ್ಟ ಜಾಡಿಗಳು. ಕಾಲು ಚಾಚಿದರೆ ಇನ್ನೊಬ್ಬರಿಗೆ ತಾಗುತ್ತಿತ್ತು. ಜಾಡಿಗಳು ಮನೆ ಮಾಲೀಕಳಾದ ಅಜ್ಜಿಯವು. ಅವಳು ಹುಡುಗರಿಗೆ ಹಂಚಿ ಆಮೇಲೆ ತಾನು ತಿನ್ನುತ್ತಿದ್ದಳಂತೆ. ನಾನು ಹುಟ್ಟಿದಾಗ ಈ ದೇಶ ಇರಲಿಲ್ಲ, ನನ್ನ ಮಗ ಹುಟ್ಟಿದ ಮೇಲೆ ಹುಟ್ಟಿದ್ದು ಇದು, ಈಗ ಪಕ್ಕದವನು ಬಂದು ಇದು ಹುಟ್ಟಿಯೇ ಇಲ್ಲ ಅನ್ನುತ್ತಾನೆ ಅಂದಳಂತೆ. ಆ ಮಗ ಸೈನ್ಯಕ್ಕೆ ಸೇರಲು ಹೋಗಿದ್ದ. ಅಜ್ಜಿಯ ಸ್ವಂತ ಅಕ್ಕ ಇರುವುದು ಗಡಿಯ ಆಚೆ, ರಷ್ಯಾದಲ್ಲಿ. ಮೊದಲೆಲ್ಲ ಬಸ್ಸು ಹತ್ತಿ ಹೋಗಿ ಊಟ ಮಾಡಿ ಬರುವಷ್ಟು ಹತ್ತಿರ. ಅವಳಿಗೆ ಫೋನು ಮಾಡಿ, ನಮ್ಮ ಮೇಲೆ ಬಾಂಬ್ ಹಾಕುತ್ತಿದ್ದಾರೆ ಅಂದರೆ, ಯಾರೂ ಹಾಕುತ್ತಿಲ್ಲ, ಸುಮ್ಮನೆ ಹೆದರಬೇಡ ಅಂದಳಂತೆ. ಅಜ್ಜಿ ಮೆಟ್ಟಿಲು ಹತ್ತಿ ಫೋನನ್ನು ಬಾಗಿಲ ಸಂದಿಗೆ ಹಿಡಿದು ಸದ್ದು ಕೇಳಿಸಿದಳು. ಅದು ನಿಮ್ಮ ಟಿವಿ ಇರಬೇಕು ಅಂದಳಂತೆ ಅಕ್ಕ.

ತಮ್ಮ ಇದನ್ನು ನಗುತ್ತಾ ಹೇಳುತ್ತಾನೆ. ನನಗೆ ಒಮ್ಮೆಯೂ ನಗಲು ಆಗಿಲ್ಲ.

ರೂಮಿನವನು ನೀರು ತರಲು ಮೇಲೆ ಹೋದಾಗ ಹತ್ತಿರದಲ್ಲೇ ಶೆಲ್ ಬಿತ್ತು. ಮೈಗೆ ಏನೂ ಆಗಲಿಲ್ಲ, ಎಡಗಿವಿ ಹೋಯಿತು. ಆಮೇಲೆ ಹಿಮದಲ್ಲಿ ನಡೆದು ಊರಾಚೆ ಬಂದರು, ನಿಂತುಕೊಂಡೇ ರೈಲಿನಲ್ಲಿ ಗಡಿ ದಾಟಿದರು. ಹೊರಡುವಾಗ ಅಜ್ಜಿ ಇಬ್ಬರ ಜೇಬಿಗೂ ಬ್ರೆಡ್ಡು ತುಂಬಿದ್ದಳಂತೆ. ಅವಳು ಬರಲಿಲ್ಲ. ಎಲ್ಲಿಗೆ ಬರಲಿ, ನನಗಿರುವುದು ಇದೊಂದೇ ಅಂದಳಂತೆ.

ಇಬ್ಬರ ಓದೂ ಅಲ್ಲಿಗೇ ನಿಂತಿತು. ಗದಗದ ಹುಡುಗ ಸೋದರಮಾವನ ಮೆಡಿಕಲ್ ಶಾಪಿನಲ್ಲಿದ್ದಾನೆ. ತಮ್ಮ ಬೇರೆ ಕೋರ್ಸಿಗೆ ಸೇರಿ ಮೆಲ್ಬರ್ನ್‌ಗೆ ಬಂದ. ಈಗ ವೃದ್ಧಾಶ್ರಮವೊಂದರಲ್ಲಿ ಮುದುಕರಿಗೆ ಸ್ನಾನ ಮಾಡಿಸಿ, ಊಟ ಮಾಡಿಸುವ ಕೆಲಸ. ಆ ಸೋಫಾದ ಕಡೆ ನಾನು ಹೋಗಿ ವರ್ಷಗಳಾದವು. ಕರೆದರೆ ಶಿಫ್ಟ್ ಇದೆ ಅನ್ನುತ್ತೇನೆ. ಯಾರೊಡನೆ ಮಾತಾಡಿದರೂ ಮಾತು ಅಲ್ಲಿಗೇ ಬರುತ್ತದೇನೋ ಅಂತ ಭಯ. ಮನೆಯಲ್ಲಿ ಹೊಸ ಕ್ಯಾಲೆಂಡರ್ ನೇತು ಹಾಕಲೂ ಕೈ ಬರಲಿಲ್ಲ. ನನ್ನ ಗಂಡನಿಗೂ ಹೇಳಿರಲಿಲ್ಲ.

ಈ ವರ್ಷ ಚಳಿಗಾಲದಲ್ಲಿ ಚಟ್ನಿಪುಡಿ, ನಿಪ್ಪಟ್ಟು ಕಟ್ಟಿಕೊಂಡು ಮೆಲ್ಬರ್ನ್‌ಗೆ ಹೋದೆ. ಟಿಕೆಟ್ ಮಾಡುವಾಗಲೇ ತಮ್ಮ ಫೋನಿನಲ್ಲಿ, "ಅಷ್ಟಮಿ ನೋಡ್ಕೊಂಡು ಬುಕ್ ಮಾಡಕ್ಕ, ಆಮೇಲೆ ಏರ್‌ಪೋರ್ಟಿಂದ ವಾಪಸ್ ಹೋಗ್ಬಿಟ್ಟೀಯ," ಅಂತ ರೇಗಿಸಿದ್ದ. ಟಾರ್ನೀಟ್‌ನಲ್ಲಿ ಅವನ ಬಾಡಿಗೆ ಮನೆ. ಹೊರಗೆ ಅಷ್ಟು ಚಳಿ ಇದ್ದರೂ ಹಿತ್ತಲ ಬಾಗಿಲನ್ನು ಒಂದು ಗೇಣು ತೆರೆದೇ ಇಡುತ್ತಾನೆ. ಮುಚ್ಚಿದರೆ ಎದ್ದು ಹೋಗಿ ಮತ್ತೆ ತೆರೆಯುತ್ತಾನೆ.

ಊಟಕ್ಕೆ ಕೂತಿದ್ದಾಗ ಗದಗದ ಹುಡುಗನ ವಿಡಿಯೋ ಕಾಲ್ ಬಂತು. ಮದುವೆ ಗೊತ್ತಾಗಿದೆಯಂತೆ. ತಮ್ಮ ಬರಲೇಬೇಕು, ಇಲ್ಲದಿದ್ದರೆ ತಾಳಿ ಕಟ್ಟುವುದಿಲ್ಲ ಅಂದ. ಹೆಂಡತಿ ಬೈದಾಗೆಲ್ಲ ಎಡಗಿವಿ ಕೊಟ್ಟುಬಿಡು, ನಿನ್ನಂಥ ಸುಖಿ ಇಲ್ಲ ಅಂತ ತಮ್ಮ ಛೇಡಿಸಿದ. ಇಬ್ಬರೂ ನಕ್ಕರು. ಹುಡುಗ ನನ್ನನ್ನು ನೋಡಿ, ಇವನು ಹೊರಡುವ ದಿನ ನೀವೇ ನೋಡಿ ಹೇಳ್ರಿ ಅಕ್ಕಾ ಅಂದ. ನನ್ನ ಮುಖ ಹೇಗಾಯಿತೋ. ಅವನು ತಾನಾಗಿಯೇ ಅಂದ:

"ಅದನ್ನ ಮನಸ್ಸಿಗೆ ಹಚ್ಕೋಬ್ಯಾಡ್ರಿ. ಅಷ್ಟಮಿ ದಿನ ನಮ್ಮವ್ವನೂ ಕಳಸ್ತಿರಲಿಲ್ಲ ಬಿಡ್ರಿ."

ಫೋನಿಟ್ಟ ಮೇಲೆ ತಮ್ಮ ತಟ್ಟೆ ಎತ್ತಲು ಎದ್ದ. ಕೂತ್ಕೋ ಅಂದೆ.

"ಅವತ್ತು ಅಷ್ಟಮಿ ಇರ್ಲಿಲ್ಲ. ಸಪ್ತಮಿ ಇತ್ತು. ನೋಡೇ ಹೇಳ್ದೆ."

ಅವನು ತಪ್ಪಾಗಿ ನೋಡಿದೆಯಾ ಅಂತ ಕೇಳಿದ. ಹೂಂ ಅಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಒಂದು ಕ್ಷಣ ನನಗೆ ಆಸೆಯೂ ಆಯಿತು. ಇಲ್ಲ, ಸರಿಯಾಗೇ ನೋಡಿದ್ದೆ ಅಂದೆ. ನೀನು ವಾಪಸು ಬಂದರೆ ಜನರ ಮುಂದೆ ನನಗೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ ಅನ್ನಿಸಿತು ಅಂದೆ. ಹೇಳುವಾಗ ಅದು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಇನ್ನೂ ಏನಾದರೂ ಕಾರಣ ಇರಬೇಕೆಂದು ಅವನು ಕಾದ. ಇರಲಿಲ್ಲ.

ಅವನು ಕೂಗಾಡಲಿಲ್ಲ. ತಟ್ಟೆಯ ಅಂಚಿನಲ್ಲಿ ಒಣಗಿದ ಅನ್ನದ ಅಗುಳನ್ನು ಉಗುರಿನಿಂದ ಕೆರೆಯುತ್ತಾ ಕೂತ.

"ಬುಧವಾರ ಬೆಳಗ್ಗೆ ಅವನೊಬ್ನೇ ಬ್ಯಾಗ್ ಹಾಕ್ಕೊಂಡು ವ್ಯಾನ್ ಹತ್ತಿದ್ದ. ನಾನೇ ಕೈ ಹಿಡಿದು ಇಳಿಸ್ದೆ, ಅಕ್ಕ ಬೇಡ ಅಂದಿದಾಳೆ ಅಂತ. ಈಗ ಇದನ್ನ ಅವನಿಗೆ ಹೇಳ್ಬೇಕಾ ಬೇಡ್ವಾ ಅನ್ನೋದೂ ನನ್ ತಲೆ ಮೇಲೇ ಬಂತಲ್ಲಕ್ಕ."

ನಾನೇ ಹೇಳುತ್ತೇನೆ ಅಂದೆ. ಬೇಡ ಅಂದ. ಹೇಳುವುದಾದರೆ ಮದುವೆಗೆ ಹೋದಾಗ ತಾನೇ ಎದುರು ಕೂತು ಹೇಳಬೇಕು, ಫೋನಿನಲ್ಲಿ ಹೇಳುವ ಮಾತಲ್ಲ ಅಂದ. ಮದುವೆ ಮನೆಯಲ್ಲಿ ಹೇಳುವ ಮಾತೂ ಅಲ್ಲ ಅಂತ ಸ್ವಲ್ಪ ಹೊತ್ತಿನ ಮೇಲೆ ತಾನೇ ಅಂದ. ನಾನು ಇಷ್ಟು ವರ್ಷ ಒಬ್ಬಳೇ ಸಿಕ್ಕಿಕೊಂಡಿದ್ದ ಕಡೆಗೆ ಅವನನ್ನೂ ಎಳೆದು ತಂದಿದ್ದೆ. ಹೇಳಿಕೊಂಡರೆ ಹಗುರವಾಗುತ್ತದೆ ಅಂತ ಯಾಕೆ ಅಂದುಕೊಂಡಿದ್ದೆನೋ.

ಮಾರನೆಯ ದಿನ ಬೆಳಗ್ಗೆ ಕಾಫಿ ಕೊಟ್ಟ. ಎಂದಿನಂತೆ ನನಗೆ ಸಕ್ಕರೆ ಕಡಿಮೆ ಹಾಕಿದ್ದ. ಆಮೇಲೆ ಮದುವೆಗೆ ಹೋಗುವ ಟಿಕೆಟ್ ನೋಡಲು ಲ್ಯಾಪ್‌ಟಾಪ್ ತೆರೆದು ಕೂತ. ನಾನು ಎದುರಿಗೇ ಇದ್ದೆ. ಅಂಗನವಾಡಿಯ ಕಾಲದಿಂದ ಕೇಳುತ್ತಾ ಬಂದವನು, ಈ ಸಲವೂ ಕೇಳುತ್ತಾನೆ ಅಂತ ಕಾದೆ. ಅವನು ಫೋನು ತೆಗೆದು ಅದರಲ್ಲಿ ಪಂಚಾಂಗ ಹುಡುಕಿದ. ಬೆರಳಿನಿಂದ ಮೇಲೆ ಕೆಳಗೆ ಸರಿಸುತ್ತಾ, ನನ್ನ ಕಡೆ ನೋಡದೆ, ದಶಮಿ ಅಂತ ತನ್ನಷ್ಟಕ್ಕೆ ಅಂದುಕೊಂಡ. ಟಿಕೆಟ್ ಬುಕ್ ಮಾಡಿದ. ಆಮೇಲೆ ಎದ್ದು ಹೋಗಿ ಹಿತ್ತಲ ಬಾಗಿಲನ್ನು ಇನ್ನೂ ಸ್ವಲ್ಪ ತೆರೆದ.