ಒಂದು ಕುರ್ಚಿ ಸರಿದ ಮೇಳ

ಹಿಲ್ಕಾಳ ಮೇಳದಲ್ಲಿ ಒಂದು ಕಾಲಕ್ಕೆ ನಾಲ್ಕು ಜನರಿದ್ದರು. ಡ್ರಮ್ಸ್ ಬಾರಿಸುತ್ತಿದ್ದ ಐಮೊ ತೀರಿಕೊಂಡ. ಗಿಟಾರಿನ ಸೆಪ್ಪೊಗೆ ಕಿವಿ ಮಂದವಾಯಿತು. ಬೇಸ್ ನುಡಿಸುತ್ತಿದ್ದ ಪೆಂಟ್ಟಿ ಈ ವಸಂತದಲ್ಲಿ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಸ್ವೀಡನ್ನಿನ ಹೆಂಗಸೊಬ್ಬಳ ಹಿಂದೆ ಹೊರಟುಬಿಟ್ಟ. ಉಳಿದದ್ದು ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬಟಾಣಿ ಸೂಪು ಕಲಕಿದ ಹಿಲ್ಕಾ, ಮತ್ತು ಅವಳ ಎದೆಯ ಮೇಲಿನ ಅಕಾರ್ಡಿಯನ್.

"ಒಬ್ಳೇ ಏನು ನುಡಿಸ್ತೀಯೇ? ಜನ ಬರೋದು ಕುಣಿಯೋಕೆ, ಪ್ರಾರ್ಥನೆಗಲ್ಲ," ಎಂದಿದ್ದ ತೌನೊ. ಸರೋವರದಂಚಿನ ನೃತ್ಯಮಂಟಪ ನಡೆಸುವವನು ಅವನೇ. "ಈ ಶನಿವಾರ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಮುಂದಿನ ವಾರದಿಂದ ರೆಕಾರ್ಡ್ ಹಾಕಿಸ್ತೀನಿ."

ಹಿಲ್ಕಾ ಅಕಾರ್ಡಿಯನ್ನಿಗೆ ತಂತಿ ಹಾಕಿಸಿ ಕಂಪ್ಯೂಟರಿಗೆ ಜೋಡಿಸಿದಳು. ಇಲ್ಲಿ ಗುಂಡಿ ಒತ್ತಿದರೆ ಬೇರೆ ವಾದ್ಯಗಳ ಸದ್ದು ಕಂಪ್ಯೂಟರಿನಿಂದ ಬರುತ್ತಿತ್ತು. ಅದರೊಳಗೆ ಹದಿನಾರು ಚಾನೆಲ್‌ಗಳು, ಹದಿನಾರು ಕುರ್ಚಿಗಳಿದ್ದಂತೆ. ಯಾವ ಕುರ್ಚಿಯಲ್ಲಿ ಯಾವ ವಾದ್ಯ ಕೂರಬೇಕೆಂದು ನಾವೇ ಹೇಳಬೇಕು. ಎಡಗೈಯ ಒಂದು ಸಾಲು ಗುಂಡಿಗಳು ಎರಡನೆಯದರಲ್ಲಿ ಬೇಸ್ ಆದವು, ಉಳಿದವು ಮೂರನೆಯದರಲ್ಲಿ ಗಿಟಾರ್. ಅಕಾರ್ಡಿಯನ್ನಿನಲ್ಲಿ ಮೊದಲೇ ತುಂಬಿಟ್ಟ ತಾಳ ಹತ್ತನೆಯದರಲ್ಲಿ ಡ್ರಮ್ಸ್. ಚೀಟಿಯಲ್ಲಿ ಅವಳು ಬರೆದುಕೊಂಡದ್ದು ಬೇರೆ: ಎರಡು ಪೆಂಟ್ಟಿ, ಮೂರು ಸೆಪ್ಪೊ, ಹತ್ತು ಐಮೊ. ಅಡುಗೆಮನೆಯಲ್ಲಿ ನುಡಿಸಿ ನೋಡಿದಾಗ ಐಮೊನ ತಾಳ ಒಂದು ಸಲವೂ ತಪ್ಪಲಿಲ್ಲ. ಬದುಕಿದ್ದಾಗ ತಪ್ಪುತ್ತಿದ್ದ. ಹಿಲ್ಕಾ ಕಣ್ಣೊರೆಸಿಕೊಂಡು ನಕ್ಕಳು.

ಶನಿವಾರ ಆ ಕಂಪ್ಯೂಟರ್ ಕಣ್ಣೇ ಬಿಡಲಿಲ್ಲ. ಟಿಕೆಟ್ ಕೊಡುವ ರೈಯಾಳ ಲ್ಯಾಪ್‌ಟಾಪಿನಲ್ಲಿ ಅದೇ ತಂತ್ರಾಂಶದ ಹಳೆಯ ಆವೃತ್ತಿ ಇತ್ತು. ಹಿಲ್ಕಾ ಚೀಟಿ ನೋಡಿ ಅದೇ ಅಂಕಿಗಳನ್ನು ತುಂಬಿದಳು. ಬೆಂಚುಗಳು ಆಗಲೇ ಭರ್ತಿಯಾಗಿದ್ದವು. ನುಡಿಸಿ ನೋಡಲು ಹೊತ್ತಿರಲಿಲ್ಲ.

ಟ್ಯಾಂಗೊ ಶುರುವಾಯಿತು. ತೌನೊ ಅಂಚೆ ಕಚೇರಿಯ ಲೆಂಪಿಗೆ ತಲೆಬಾಗಿ ಅವಳನ್ನು ಕರೆದುಕೊಂಡು ಬಂದ. ನಲವತ್ತು ಜೋಡಿಗಳು ಹೆಜ್ಜೆಯಿಟ್ಟವು. ಬೇಸ್ ಒತ್ತಿದರೆ ಪಿಯಾನೊ ಕಿಣಿಕಿಣಿ ಎಂದಿತು. ಗಿಟಾರ್ ಮಿಡಿಯಬೇಕಾದಲ್ಲಿ ಬೇಸ್ ಗುರುಗುಟ್ಟಿತು. ತಾಳದ ಜಾಗದಲ್ಲಿ ತುತ್ತೂರಿಗಳು ಒಂದೇ ಸಮನೆ ಕಿರುಚಿದವು.

ಹಿಲ್ಕಾ ನಿಲ್ಲಿಸಿಬಿಟ್ಟಳು. ಮುಂದಿನ ಶನಿವಾರ ಮನೆಯಲ್ಲಿ ಒಬ್ಬಳೇ ಕೂತು ಕೇಳಬೇಕಾದ ಗಡಿಯಾರದ ಸದ್ದು ಈಗಲೇ ಕಿವಿಗೆ ಬಿದ್ದಂತಾಯಿತು.

ಆದರೆ ಯಾರೂ ಬೆಂಚಿಗೆ ಹೋಗಲಿಲ್ಲ. ಹೋಗುವಂತಿರಲಿಲ್ಲ. ಮಂಟಪದ ಕಟ್ಟಳೆಯೆಂದರೆ ಒಬ್ಬರ ಜೊತೆ ಎರಡು ಹಾಡು; ಎರಡೂ ಮುಗಿದ ಮೇಲೆಯೇ ಗಂಡಸು ಹೆಂಗಸನ್ನು ಅವಳ ಜಾಗಕ್ಕೆ ಬಿಟ್ಟುಬರಬೇಕು. ಇಲ್ಲಿ ಅರ್ಧ ಹಾಡೂ ಆಗಿರಲಿಲ್ಲ. ನಲವತ್ತು ಜೋಡಿಗಳು ಕೈಹಿಡಿದು ನಿಂತೇ ಇದ್ದವು. ಸಂಗೀತವಿಲ್ಲದೆ ಹಾಗೆ ನಿಂತವರು ಮಾತಾಡಲೇಬೇಕಾಯಿತು.

"ತೋಟಕ್ಕೆ ಆಲೂಗಡ್ಡೆ ಹಾಕಿದೀಯಾ ಈ ಸಲ?" ತೌನೊ ಕೇಳಿದ.

"ಹಾಕಿದೀನಿ."

"ಒಳ್ಳೇದು."

"ನಿನ್ನ ಕೈ ಬೆವರ್ತಿದೆ, ತೌನೊ."

"ಬೆವರಲ್ಲ ಮಾರಾಯ್ತಿ, ಎಣ್ಣೆ. ಸಾಸೇಜು ಸುಡ್ತಿದ್ದೆ."

ಲೆಂಪಿ ನಕ್ಕ ಸದ್ದು ವೇದಿಕೆಯವರೆಗೂ ಬಂತು. ಅಕ್ಕಪಕ್ಕದವರೂ ಮಾತಿಗಿಳಿದರು. ಮಂಟಪದಲ್ಲಿ ನಿಧಾನವಾಗಿ ಗುಜುಗುಜು ಎದ್ದಿತು.

ಹಿಲ್ಕಾ ಪರದೆಯ ಮೇಲಿನ ಪಟ್ಟಿಯನ್ನು ಕೆಳಗಿನವರೆಗೆ ಓದಿದಳು. ಕೊನೆಯ ಸಾಲು ಹದಿನೈದು. ಹದಿನಾರು ಎಲ್ಲಿ ಹೋಯಿತು? ಮೇಲೆ ನೋಡಿದಳು: ಮೊದಲ ಸಾಲು ಸೊನ್ನೆ. ಅಕಾರ್ಡಿಯನ್ ಒಂದರಿಂದ ಎಣಿಸಿದರೆ, ಈ ಮುದಿ ತಂತ್ರಾಂಶ ಸೊನ್ನೆಯಿಂದ ಎಣಿಸುತ್ತಿತ್ತು. ಅವಳೇ ಎಲ್ಲರನ್ನೂ ಒಂದು ಕುರ್ಚಿ ಆಚೆ ಕೂರಿಸಿದ್ದಳು; ಅವರು ಕೂರಬೇಕಾದ ಕುರ್ಚಿಗಳಲ್ಲಿ ತಂತ್ರಾಂಶದ ಪಿಯಾನೊ, ತುತ್ತೂರಿಗಳು ಮೊದಲೇ ಕೂತಿದ್ದವು. ಎರಡನ್ನು ಒಂದು ಮಾಡಿದಳು, ಮೂರನ್ನು ಎರಡು, ಹತ್ತನ್ನು ಒಂಬತ್ತು.

"ಮೊದಲಿಂದ!" ಲೆಂಪಿ ಕೂಗಿದಳು. "ಅದು ಲೆಕ್ಕಕ್ಕಿಲ್ಲ. ಎರಡೂ ಬೇಕು!"

ಎರಡೂ ನುಡಿಸಿದಳು. ಪೆಂಟ್ಟಿ ಗುನುಗಿದ, ಸೆಪ್ಪೊ ಮಿಡಿದ, ಐಮೊ ತಾಳ ಹಿಡಿದ. ಮರದ ನೆಲ ಉಸಿರಾಡಿತು.

ಲೆಂಪಿಯನ್ನು ಬೆಂಚಿಗೆ ಬಿಟ್ಟು ತೌನೊ ವೇದಿಕೆಯ ಬಳಿ ಬಂದ.

"ಕೆಟ್ಟದಾಗೇನಿರ್ಲಿಲ್ಲ," ಎಂದ. ಈ ಊರಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

"ರೆಕಾರ್ಡು?"

"ಹನ್ನೆರಡು ವರ್ಷದಿಂದ ಅವಳ ಜೊತೆ ಕುಣೀತಿದೀನಿ ಕಣೇ, ಇವತ್ತೇ ಮಾತಾಡಿದ್ದು. ರೆಕಾರ್ಡ್ ಹಾಕಿದ್ರೆ ಹೀಗೆ ಮಧ್ಯದಲ್ಲಿ ಎಲ್ಲಿ ನಿಲ್ಲುತ್ತೆ?" ಕುತ್ತಿಗೆ ಕೆರೆದುಕೊಂಡ. "ಬಾ ಮುಂದಿನ ವಾರ. ಆ ತುತ್ತೂರಿ ಮಾತ್ರ ಬೇಡ."

ಗೋಡೆಯ ಮೇಲೆ, ಹೆಂಗಸರೇ ಗಂಡಸರನ್ನು ಕುಣಿಯಲು ಕರೆಯುವ ಸರದಿಯ ದೀಪ ಹೊತ್ತಿತು. ಲೆಂಪಿ ಬೆಂಚಿನಿಂದ ಎದ್ದು ನೇರ ಇತ್ತಲೇ ಬರುತ್ತಿದ್ದಳು. ತೌನೊ ಅವಸರದಲ್ಲಿ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಹಿಲ್ಕಾ ವಾಲ್ಟ್ಸ್ ಕುಣಿತದ ಧಾಟಿ ಎತ್ತಿಕೊಂಡಳು, ಎಂದಿಗಿಂತ ಚೂರು ನಿಧಾನವಾಗಿ.